ಸಂತೆಯ ಬಹುವಚನ

ವಿಚಾರ ಸಂಕಿರಣವೊಂದಕ್ಕೆ ಟೋಕಿಯೋಗೆ ಹೋಗುವುದು ಖಚಿತವಾದಾಗ ನಾನು ಮೊದಲು ಕಲಿತದ್ದು ನಾಲ್ಕೈದು ಅಂಗಡಿಮಾತುಗಳನ್ನು. ಶಿಡ್ಲಘಟ್ಟದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡುವಾಗ ಅವನ್ನೇ ಗುನುಗುತ್ತಿದ್ದೆ. ಅಂಗಡಿಯವರನ್ನು ಕರೆಯಲು 'ಸುಮಿಮಾಸೆನ್', ಬೆಲೆ ಕೇಳಲು 'ಕೊರೆ ವಾ ಇಕುರಾ ದೆಸ್ ಕಾ', ಇದನ್ನು ಕೊಡಿ ಎನ್ನಲು 'ಕೊರೆ ಒ ಕುದಸಾಯ್'. ಕನ್ನಡದವರಿಗೆ ಈ ವಾಕ್ಯಗಳು ಅಷ್ಟೇನೂ ಅಪರಿಚಿತವೆನಿಸುವುದಿಲ್ಲ. ಕ್ರಿಯಾಪದ ನಮ್ಮಲ್ಲಿಯಂತೆ ಕೊನೆಗೇ ಬರುತ್ತದೆ. ನಾವು 'ಬಂದನಾ' ಎಂದು ಕೊನೆಯಲ್ಲಿ ದೀರ್ಘ ಎಳೆದು ಪ್ರಶ್ನೆ ಮಾಡುವಂತೆ ಅವರು 'ಕಾ' ಸೇರಿಸುತ್ತಾರೆ.

ಅರ್ಥ ಕೆದಕಿದಾಗ ಮಾತ್ರ ಅಚ್ಚರಿಯಾಯಿತು. 'ಸುಮಿಮಾಸೆನ್' ಎಂದರೆ ಪದಶಃ 'ತೀರುವುದಿಲ್ಲ'. ನಿಮಗೆ ಕೊಡುತ್ತಿರುವ ತೊಂದರೆಯ ಋಣ ತೀರದು ಎಂಬ ಭಾವ. 'ಕುದಸಾಯ್' ಪದವನ್ನು ಚಿತ್ರಲಿಪಿಯಲ್ಲಿ ಬರೆದರೆ ಮೊದಲು ಬರುವ ಚಿಹ್ನೆಯ ಅರ್ಥ 'ಕೆಳಗೆ'. ಕೊಡುವವರು ಮೇಲೆ, ಪಡೆಯುವವನು ಕೆಳಗೆ. ದುಡ್ಡು ಕೊಟ್ಟು ಕೊಳ್ಳುವವನೂ ಹೀಗೆ ಬಗ್ಗಿಯೇ ಕೇಳಬೇಕು.

ಹೊರಡುವ ಹಿಂದಿನ ವಾರ ಚಿಂತಾಮಣಿಯ ಮಾರುಕಟ್ಟೆಯಲ್ಲಿ ಅವರೆಕಾಯಿ ರಾಶಿಯ ಮುಂದೆ ನಿಂತಿದ್ದೆ. ಮಾರುತ್ತಿದ್ದವರಿಗೆ ನಮ್ಮ ಅಮ್ಮನಷ್ಟು ವಯಸ್ಸು. ಪಕ್ಕದವರೊಂದಿಗೆ ತೆಲುಗಿನಲ್ಲಿ ಮಾತಾಡುತ್ತಿದ್ದವರು ನನ್ನತ್ತ ತಿರುಗಿ ಕನ್ನಡಕ್ಕೆ ಬಂದರು.

"ಎಷ್ಟಮ್ಮಾ?" ಎಂದೆ.

"ಅರವತ್ತು ಸಾರ್. ಬಿಡಿಸಿ ನೋಡಿ, ಸೊಗಡಿನ ಕಾಯಿ."

"ಒಂದು ಕೆಜಿ ಹಾಕು."

ಬಸ್ಸು ಹತ್ತಿ ಮತ್ತೆ 'ಕುದಸಾಯ್' ಎಂದು ಗುನುಗಲು ಹೊರಟಾಗ ನನ್ನ ಬಾಯಿಗೆ ನಾನೇ ಸಿಕ್ಕಿಬಿದ್ದೆ. ಎಂದೂ ಕಾಣದ ಅಂಗಡಿಯವನಿಗಾಗಿ ವಿನಯವನ್ನು ಬಾಯಿಪಾಠ ಮಾಡುತ್ತಿದ್ದೇನೆ. ಇಲ್ಲಿ ತಾಯಿಯಂಥವರಿಗೆ 'ಹಾಕು' ಎಂದು ಬಂದಿದ್ದೇನೆ, ಅವರು ಮಗನ ವಯಸ್ಸಿನವನಿಗೆ 'ನೋಡಿ' ಎಂದಿದ್ದಾರೆ.

ಏಕವಚನವೆಂದರೆ ಅಗೌರವವೇ ಆಗಬೇಕಿಲ್ಲ ಎನ್ನಬಹುದು. ನಿಜ. ನಮ್ಮಲ್ಲಿ ದೇವರಿಗೂ ಅಮ್ಮನಿಗೂ ಏಕವಚನ, ಅಲ್ಲಿರುವುದು ಸಲಿಗೆ. ಆದರೆ ಸಲಿಗೆಗೆ ಒಂದು ಪರೀಕ್ಷೆಯುಂಟು: ಅದು ವಾಪಸು ಬರಬಲ್ಲದೇ? ಅಮ್ಮ ನನಗೆ 'ಬಾರೋ' ಎನ್ನುತ್ತಾಳೆ, ಹಾಗಾಗಿ ನನ್ನ 'ಬಾ' ಸಲಿಗೆ. ಅವರೆಕಾಯಿಯವರು ನನಗೆ 'ತಗೋ' ಎಂದಿದ್ದರೆ ನನ್ನ ಮುಖ ಹೇಗಾಗುತ್ತಿತ್ತು? ಆ ಉತ್ತರ ಗೊತ್ತಿರುವುದರಿಂದಲೇ ಅದನ್ನು ಸಲಿಗೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಲಿಯುವ ಹೊರೆಯೂ ಹೀಗೆಯೇ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಬುಟ್ಟಿ ಇಟ್ಟುಕೊಂಡು ಕೂತವರು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಲೆಕ್ಕ ಹೇಳುತ್ತಾರೆ. ಗಿರಾಕಿಯ ಬಾಯಿ ನೋಡಿಯೇ ಭಾಷೆ ಬದಲಿಸುತ್ತಾರೆ. ಅದನ್ನು ಯಾರೂ ವಿದ್ಯೆ ಎನ್ನುವುದಿಲ್ಲ. ನಾನು ಕಲಿತ ನಾಲ್ಕು ಜಪಾನಿ ವಾಕ್ಯಗಳಿಗೆ ಮಾತ್ರ ಗೆಳೆಯರು ಭೇಷ್ ಎಂದರು.

ಹಾಗೆಂದು ಜಪಾನಿನ ಅಂಗಡಿಗಳು ಸಮಾನತೆಯ ತವರೇನಲ್ಲ. ಒಳಗೆ ಕಾಲಿಟ್ಟೊಡನೆ ಕೆಲಸದವರು 'ಇರಾಶ್ಶೈಮಾಸೆ' ಎಂದು ಸ್ವಾಗತಿಸುತ್ತಾರೆ, ಗಿರಾಕಿ ಸಾಮಾನ್ಯವಾಗಿ ಅದಕ್ಕೆ ಉತ್ತರಿಸುವುದಿಲ್ಲ. ಅವರು ಗಿರಾಕಿಗೆ ಬಳಸುವ ಗೌರವದ ಪದಗಳನ್ನು ಗಿರಾಕಿ ಹಿಂದಿರುಗಿಸಬೇಕಿಲ್ಲ. ಗಿರಾಕಿಗಳ ದರ್ಪ ಎಷ್ಟು ಬೆಳೆಯಿತೆಂದರೆ ಅವರ ಕಿರುಕುಳವನ್ನು ತಡೆಯಲೆಂದೇ ಟೋಕಿಯೋ ಆಡಳಿತ ಒಂದು ಕಾನೂನು ಮಾಡಿತು, 2025ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ದುಡ್ಡು ಹಿಡಿದ ಕೈ ಎಲ್ಲಿಯಾದರೂ ಸ್ವಲ್ಪ ಮೇಲೇ ಇರಲು ನೋಡುತ್ತದೆ.

ಹಾಗಿದ್ದರೆ ಅಲ್ಲಿ ನಾನು ಯಾಕೆ ಅಷ್ಟು ವಿನಯಿಯಾಗಿದ್ದೆ? ಅಂಜಿಕೆಯಿಂದ. ದಾರಿ ಗೊತ್ತಿಲ್ಲ, ನಾಣ್ಯ ಗುರುತಿಲ್ಲ, ಬೆಲೆ ಕೇಳಿದರೆ ಬರುವ ಉತ್ತರ ಅರ್ಥವಾಗುವುದಿಲ್ಲ. ಕೈಲಾಗದವನ ವಿನಯ ಅದು. ವಿನಯ ಗುಣವೋ ಉಪಾಯವೋ ತಿಳಿಯುವುದು ಅದರ ಅಗತ್ಯವೇ ಇಲ್ಲದ ಕಡೆ, ಎಂದರೆ ಚಿಂತಾಮಣಿಯಲ್ಲಿ.

ನಮ್ಮ ಸೀಮೆಯವರು ಜಪಾನನ್ನು ನೋಡಿದ್ದು ಇಂದು ನಿನ್ನೆಯಲ್ಲ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಲ್ಲೇ ಅಲ್ಲಿಗೆ ಹೋಗಿಬಂದರು, ಅಲ್ಲಿಯ ಶಿಕ್ಷಣ ಮತ್ತು ಕೈಗಾರಿಕೆಯನ್ನು ಮೆಚ್ಚಿದರು. ಇಂದಿಗೂ ಜಪಾನಿನಿಂದ ತರಬೇಕಾದ್ದೇನು ಎಂದರೆ ನಮಗೆ ಹೊಳೆಯುವುದು ಯಂತ್ರ, ಶಿಸ್ತು, ದುಡಿಮೆ. 'ಕೊಡಿ' ಎಂಬ ಪದವನ್ನು ತರಬೇಕಾಗಿಯೇ ಇಲ್ಲ, ಅದು ನಮ್ಮಲ್ಲೇ ಇದೆ. ಕಚೇರಿಯಲ್ಲಿ, ಕಾಲೇಜಿನಲ್ಲಿ, ಗಾಜಿನ ಬಾಗಿಲಿನ ಅಂಗಡಿಗಳಲ್ಲಿ ನಿತ್ಯ ಬಳಸುತ್ತೇವೆ. ನೆಲದ ಮೇಲೆ ಕೂತು ಮಾರುವವರ ಮುಂದೆ ಮಾತ್ರ ಅದು ನಾಲಿಗೆಯಿಂದ ಜಾರಿಹೋಗುತ್ತದೆ.

ಹಿಂದಿರುಗಿದ ಮೇಲೆ ಅದೇ ಮಾರುಕಟ್ಟೆಗೆ ಹೋದೆ. ಅದೇ ಜಾಗದಲ್ಲಿ ಅವರೇ ಕೂತಿದ್ದರು.

"ಎಷ್ಟು ಹೇಳ್ತೀರಮ್ಮಾ? ಒಂದು ಕೆಜಿ ಕೊಡಿ" ಎಂದೆ.

ತಕ್ಕಡಿ ಎತ್ತಿದವರು ನನ್ನ ಮುಖವನ್ನೊಮ್ಮೆ ಸರಿಯಾಗಿ ನೋಡಿ ಕೇಳಿದರು: "ಈ ಕಡೆಯವರಲ್ವಾ ಸಾರ್ ನೀವು?"