ಮೇಜಿನ ಮೇಲೆ ಉಳಿದ ಅನ್ನ

ಖಲೀಫಾ ಉಮರ್(ರ)ರ ಕಾಲದಲ್ಲಿ ಮೊಲೆ ಬಿಡಿಸಿದ ಮಕ್ಕಳಿಗೆ ಮಾತ್ರ ಬೈತುಲ್‌ಮಾಲ್‌ನಿಂದ ಭತ್ತೆ ಸಿಗುತ್ತಿತ್ತು. ಒಂದು ರಾತ್ರಿ ಗಸ್ತಿನಲ್ಲಿದ್ದ ಅವರಿಗೆ ಶಿಶುವೊಂದರ ಅಳು ಕೇಳಿಸಿತು. ಭತ್ತೆಯ ಆಸೆಗೆ ತಾಯಿ ಅವಧಿಗೆ ಮೊದಲೇ ಹಾಲು ಬಿಡಿಸುತ್ತಿದ್ದಳು. ತನ್ನ ನಿಯಮವೇ ಹಸುಳೆಗಳನ್ನು ನೋಯಿಸಿತೆಂದು ಉಮರ್(ರ) ಅತ್ತರು. ಹುಟ್ಟಿದಂದಿನಿಂದಲೇ ಭತ್ತೆ ಕೊಡಲು ಆಜ್ಞಾಪಿಸಿದರು.

ಪ್ರಿಯ ಓದುಗರೇ, ಉಡುಪಿ, ಕಾರ್ಕಳದ ನ್ಯಾಯಾಲಯ ಕಚೇರಿಯಲ್ಲೋ ಮಣಿಪಾಲದ ಪೊಲೀಸ್ ಠಾಣೆಯಲ್ಲೋ ನಿಮ್ಮ ಕೈಕೆಳಗೆ ಸಿಬ್ಬಂದಿಯಿದ್ದರೆ ಆ ಕಣ್ಣೀರು ನಿಮಗೂ ಪಾಠ. ಮಕ್ಕಳ ಜೀವನಾಂಶದ ವಿಧಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ತಂದೆ ಹಣ ಕಟ್ಟದಿದ್ದರೆ ವಾರಂಟ್ ಹೊರಡಿಸಬಹುದು. ಆದರೆ ಬಾಕಿಯಾದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ತಾಯಂದಿರು ಇದನ್ನು ಮರೆಯದಿರಲಿ.

ವಾರಂಟ್ ಮೇಜಿನಲ್ಲೇ ಉಳಿದರೆ, ಮನೆಗೆ ಹೋಗದೆಯೇ ‘ಆಸಾಮಿ ಸಿಗಲಿಲ್ಲ’ ಎಂದು ಬರೆದು ಮರಳಿಸಿದರೆ, ಕಾಪುವಿನ ತಾಯಿ ಬರಿಗೈಯಲ್ಲಿ ಬಸ್ಸು ಹತ್ತುತ್ತಾಳೆ. ಅಲ್ಲಿ ತಡೆದದ್ದು ಕಾಗದವನ್ನಲ್ಲ, ಮಗುವಿನ ಅನ್ನವನ್ನು.

‘ಅದು ಗುಮಾಸ್ತನ ತಪ್ಪು’ ಎಂಬ ಉತ್ತರ ಮೇಲಧಿಕಾರಿಯನ್ನು ಉಳಿಸುವುದೇ? ಪ್ರತಿಯೊಬ್ಬನೂ ತನ್ನ ಅಧೀನದವರ ಕುರಿತು ಪ್ರಶ್ನಿಸಲ್ಪಡುವನೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ವಾರಕ್ಕೊಮ್ಮೆ ಬಾಕಿ ಕಡತಗಳನ್ನು ತರಿಸಿ ನೋಡಿರಿ. ಗದರಿಸುವ ಮೊದಲು ಸಿಬ್ಬಂದಿಯ ಹೊರೆಯನ್ನು ಅಳೆಯಿರಿ, ಹೆಚ್ಚಿದ್ದರೆ ಹಂಚಿರಿ. ಉದ್ದೇಶಪೂರ್ವಕ ವಿಳಂಬವನ್ನು ಮಾತ್ರ ಮನ್ನಿಸದಿರಿ.

ತಂದೆಯಂದಿರೇ, ಹಾಲೂಡಿಸುವ ತಾಯಿಯ ಅನ್ನ-ಬಟ್ಟೆಯ ಹೊಣೆಯನ್ನು ಅಲ್‌ಬಕರ ಅಧ್ಯಾಯದ 233ನೇ ಸೂಕ್ತ ನಿಮ್ಮ ಮೇಲೆಯೇ ಹೊರಿಸಿದೆ. ವಾರಂಟ್ ಬರುವ ತನಕ ಕಾಯಬೇಕೇ?