ಕೀಲಿಮಣೆ ಯಾರ ಕೈಲಿ?

ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೇ ವರ್ಷ ಮೂರು ನಾಲ್ಕು ಮಂದಿ ಸೇರಿ ಒಂದು ಸಾಫ್ಟ್‌ವೇರ್ ಕಟ್ಟಬೇಕು. 'ತಂಡ ನೀವೇ ಮಾಡ್ಕೊಳ್ರಪ್ಪ' ಅನ್ನುತ್ತಾರೆ ಮೇಷ್ಟ್ರು. ಎಷ್ಟು ಪ್ರಜಾಸತ್ತೆಯ ಮಾತು! ಅರ್ಧ ಗಂಟೆಯೊಳಗೆ ಇಂಗ್ಲಿಷ್ ಮೀಡಿಯಂನವರು, ಪೇಟೆಯವರು, ರ‍್ಯಾಂಕಿನವರು ಒಂದಾಗಿರುತ್ತಾರೆ. ಹಾಸ್ಟೆಲಿನ ನಮ್ಮ ಹುಡುಗರು ಉಳಿದವರ ಪಟ್ಟಿಯಲ್ಲಿ. ಮೇಷ್ಟ್ರು ಅವರನ್ನು ಅಲ್ಲೊಬ್ಬ ಇಲ್ಲೊಬ್ಬ ಅಂತ ತುರುಕುತ್ತಾರೆ. ಆಮೇಲೆ ಕೆಲಸದ ಹಂಚಿಕೆ. ಕೋಡ್ ಬರೆಯೋದು ಅವರು. ವರದಿ ಟೈಪ್ ಮಾಡೋದು, ಬೈಂಡಿಂಗಿಗೆ ಓಡೋದು ಇವರು.

ಇದಕ್ಕೆ 'ಯೋಗ್ಯತೆಗೆ ತಕ್ಕ ಕೆಲಸ' ಅಂತ ಹೆಸರು. ಈ ಮಾತು ನಾವು ಹಿಂದೆಯೂ ಕೇಳಿದ್ದೇವಲ್ಲ? ಜಾತಿಯನ್ನು ಕೆಲಸದ ಹಂಚಿಕೆ ಅಂತ ಸಮರ್ಥಿಸುತ್ತಿದ್ದವರಿಗೆ, ಅದು ಕೆಲಸಗಾರರನ್ನೇ ಮೇಲೆ ಕೆಳಗೆ ಒಡೆದಿಡುವ ಏರ್ಪಾಡೆಂದು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು. ಕೋಡ್ ಬರೋದಿಲ್ಲ ಅಂತ ಬರೆಯೋಕೆ ಕೊಡೋದಿಲ್ಲ. ಕೊಡದೇ ಇರೋದರಿಂದ ಬರೋದೂ ಇಲ್ಲ. ಈಜು ಕಲಿತು ಕೆರೆಗಿಳಿ ಅಂದ ಹಾಗೆ. ಕೆರೆಯ ವಿಷಯ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಇದು ನಮ್ಮ ನೆಲದ ಚಾಳಿ ಮಾತ್ರವೂ ಅಲ್ಲ. 1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಗಣಕವನ್ನು ಲೋಕಕ್ಕೆ ತೋರಿಸಿದರು. ಅದಕ್ಕೆ ಪ್ರೋಗ್ರಾಂ ಹಾಕಿದ್ದ ಆರು ಹೆಂಗಸರ ಹೆಸರು ದಶಕಗಳ ಕಾಲ ಮರೆಯಲ್ಲೇ ಉಳಿಯಿತು.

ಬಗೆಬಗೆಯ ಜನ ಸೇರಿದರೆ ಸಾಫ್ಟ್‌ವೇರ್ ಚೆನ್ನಾಗಿ ಬರುತ್ತೆ ಅಂತ ಈಗ ಕಂಪನಿಗಳೇ ಹೇಳುತ್ತವೆ. ಇದ್ದೀತು. ವಿದ್ಯಾರ್ಥಿವೇತನದ ಅರ್ಜಿಗೆ ಒಟಿಪಿ ಇಟ್ಟರೆ ಏನಾಗುತ್ತೆ ಅನ್ನೋದು, ಮನೆಗಿರುವ ಒಂದೇ ಫೋನು ಅಣ್ಣನ ಜೊತೆ ಬೆಂಗಳೂರಿನ ಗಾರೆ ಕೆಲಸಕ್ಕೆ ಹೋಗಿರುವ ಹುಡುಗಿಗೆ ಗೊತ್ತು. ಆದರೆ ಈ ವಾದದಲ್ಲಿ ಒಂದು ಮುಳ್ಳಿದೆ. ಅವಳಿಂದ ಅಂಥ ಲಾಭ ಏನೂ ಆಗದಿದ್ದರೆ? ತಂಡದಲ್ಲಿ ಜಾಗ ಇಲ್ಲವೋ? ಮೇಲ್ಜಾತಿಯ ಹುಡುಗನನ್ನು 'ನೀನೇನು ವೈವಿಧ್ಯ ತಂದೆಯಪ್ಪಾ' ಅಂತ ಯಾರೂ ಕೇಳೋದಿಲ್ಲ. ಅವನು ಕಲಿಯೋಕೆ ಬಂದವನು. ಅವಳೂ ಕಲಿಯೋಕೇ ಬಂದವಳು.

ಹಾಗಾಗಿ ತಂಡ ಕಟ್ಟೋದನ್ನು ಮೇಷ್ಟ್ರೇ ಹೊರಬೇಕು ಅನ್ನೋದು ನಮ್ಮ ವಾದ. ಎಲ್ಲರೆದುರು ಜಾತಿ ಬಯಲು ಮಾಡಿ ಅಲ್ಲ. ಒಬ್ಬಳನ್ನೇ ಒಂಟಿಯಾಗಿ ಹಾಕದೆ, ಹಾಸ್ಟೆಲಿನವರು ಇಬ್ಬರಾದರೂ ಜೊತೆಗಿರುವಂತೆ. 'ಅಲ್ಲೂ ಒಂದು ಕೇರಿ ಆಗೋದಿಲ್ವೇನ್ರೀ?' ಅಂತ ಗೆಳೆಯರೊಬ್ಬರು ಕೇಳಿದರು. ಆಗಬಹುದು. ಅದಕ್ಕೇ ಪೇರ್ ಪ್ರೋಗ್ರಾಮಿಂಗ್ ಅನ್ನೋ ಪದ್ಧತಿ ಬೇಕು. ಒಂದು ಕಂಪ್ಯೂಟರಿಗೆ ಇಬ್ಬರು. ಒಬ್ಬರು ಬರೆಯುವಾಗ ಇನ್ನೊಬ್ಬರು ತಪ್ಪು ಹಿಡಿಯೋದು, ಆಮೇಲೆ ಕೈ ಬದಲು. ಗಡಿಯಾರ ನೋಡಿ ಬದಲಿಸಬೇಕು, ಯಾರದೋ ದೊಡ್ಡ ಮನಸ್ಸು ಕಾಯುತ್ತಾ ಕೂರಬಾರದು. ಜೋಡಿಯೂ ವಾರವಾರ ಬದಲಾಗಬೇಕು. ಕೆಲಸ ನಿಧಾನವಾಗುತ್ತೆ, ಪ್ರಾಜೆಕ್ಟ್ ಚಿಕ್ಕದಾಗುತ್ತೆ. ಆಗಲಿ. ವೈವಾ ದಿನ ಪರೀಕ್ಷಕರು ಬೈಂಡಿಂಗ್ ಪುಸ್ತಕ ಬದಿಗಿಟ್ಟು, ಆ ಹುಡುಗಿಯ ಕೈಗೆ ಕೀಲಿಮಣೆ ಕೊಟ್ಟು, 'ಇಲ್ಲೊಂದು ಸಾಲು ತಿದ್ದಮ್ಮ' ಅಂದರೆ ಅವಳು ತಿದ್ದುವಂತಿರಬೇಕು.