ಬಿಟ್ಟಿ, ಧರ್ಮ, ಉಚಿತ

ಹಣ ತೆರದೆ ದೊರೆಯುವ ವಸ್ತುವಿಗೆ ನಮ್ಮಲ್ಲಿ ಮೂರು ಮಾತುಗಳುಂಟು. ಬಿಟ್ಟಿಯಾಗಿ ಬಂತು ಎನ್ನುತ್ತೇವೆ. ಧರ್ಮಕ್ಕೆ ಸಿಕ್ಕಿತು ಎನ್ನುತ್ತೇವೆ. ಉಚಿತವಾಗಿ ದೊರೆಯಿತು ಎನ್ನುತ್ತೇವೆ. ಮೂರರ ಅರ್ಥವೂ ಒಂದೇ ಎಂದು ತಿಳಿದು ನಾವು ಮುಂದೆ ಸಾಗುತ್ತೇವೆ. ಒಬ್ಬ ಹೆಂಗಸು ನಮ್ಮನ್ನು ತಡೆದು ನಿಲ್ಲಿಸದೆ ಇದ್ದಿದ್ದರೆ ನಾವೂ ಹಾಗೆಯೇ ಸಾಗುತ್ತಿದ್ದೆವು.

ಆಕೆ ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ, ವಿಧವೆ. ಒಂದು ಸಂಜೆ ಮಲೆಯಾಳದಲ್ಲಿದ್ದ ಕಾಗದವೊಂದನ್ನು ಹಿಡಿದು ಬಂದು, "ಮಾಷ್ಟ್ರೇ, ಇದರಲ್ಲಿ ಎಂತ ಬರ್ದಿದೆ?" ಎಂದು ಕೇಳಿದಳು. ಆಕೆ ವಾಸವಾಗಿದ್ದ ಮನೆಯ ವಿಷಯವಾಗಿ ಗಂಡನ ಅಣ್ಣ ಹೂಡಿದ ದಾವೆಯ ಸಮನ್ಸು ಅದು. ನಾವು ಓದಿ, ತಾರೀಕು ತಿಳಿಸಿ, "ಯಾರಾದರೂ ವಕೀಲರನ್ನು ನೋಡಿ ಅಕ್ಕಾ" ಎಂದು ಹೇಳಿ ಕರ್ತವ್ಯ ತೀರಿತೆಂದು ಭಾವಿಸಿದೆವು. ವಕೀಲನ ಫೀಸಿಗೆ ಹಣವಿಲ್ಲದ ಆಕೆ ಯಾರನ್ನೂ ನೋಡಲಿಲ್ಲ. ತಾರೀಕು ಕಳೆಯಿತು, ಏಕಪಕ್ಷೀಯವಾಗಿ ಡಿಕ್ರಿಯಾಯಿತು. ಆಕೆ ಎರಡನೆಯ ಕಾಗದ ತಂದಾಗ, ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ವ್ಯವಸ್ಥೆಯುಂಟೆಂಬುದನ್ನು ನಾವು ವಿಚಾರಿಸಿ ತಿಳಿದಿದ್ದೆವು, ಅದನ್ನು ಹೇಳಿದೆವು. ಆಕೆ ತಲೆಯಾಡಿಸಿ, "ಧರ್ಮಕ್ಕೆ ಸಿಕ್ಕುವ ವಕೀಲ ನನಗೆ ಬೇಡ ಮಾಷ್ಟ್ರೇ. ನಾವು ಬೇಡುವವರಲ್ಲ" ಎಂದಳು.

ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಬೇಡದೆ ಬಾಳುವ ಅಭಿಮಾನವನ್ನು ತರಗತಿಯಲ್ಲಿ ಹೊಗಳತಕ್ಕ ನಾವು, ಆ ಅಭಿಮಾನದಿಂದಲೇ ಒಬ್ಬಳು ಮನೆ ಕಳೆದುಕೊಳ್ಳುವುದನ್ನು ಕಂಡು ಏನೆನ್ನಬೇಕು? ನ್ಯಾಯವನ್ನು ಹಣವಿಲ್ಲದೆ ಪಡೆಯುವುದು ಬೇಡಿ ಪಡೆದಂತೆಯೇ?

ಮೊದಲು ಶಾಸನವೇನು ಹೇಳುತ್ತದೆಂದು ನೋಡೋಣ. ೧೯೭೬ರಲ್ಲಿ ಅಂಗೀಕೃತವಾದ ನಲವತ್ತೆರಡನೆಯ ತಿದ್ದುಪಡಿಯು ಸಂವಿಧಾನಕ್ಕೆ ೩೯ಎ ವಿಧಿಯನ್ನು ಸೇರಿಸಿ, ಬಡತನದಿಂದಾಗಲಿ ಬೇರೆ ಕೊರತೆಯಿಂದಾಗಲಿ ಯಾರಿಗೂ ನ್ಯಾಯದ ಅವಕಾಶ ತಪ್ಪಕೂಡದೆಂದು ರಾಜ್ಯಕ್ಕೆ ವಿಧಿಸಿತು. ೧೯೮೭ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವಾಯಿತು. ಅದು ಜಾರಿಗೆ ಬಂದದ್ದು ೧೯೯೫ರ ನವೆಂಬರ ೯ರಂದು. ಅದರ ೧೨ನೆಯ ಕಲಮಿನಲ್ಲಿ ನೆರವಿಗೆ ಅರ್ಹರಾದವರ ಪಟ್ಟಿಯಿದೆ. ಸ್ತ್ರೀಯರು ಅದರಲ್ಲಿ ಸೇರಿದ್ದಾರೆ. ಅವರ ವರಮಾನವೆಷ್ಟೆಂದು ಅಲ್ಲಿ ಕೇಳಿಲ್ಲ. ಮೇಲುನೋಟಕ್ಕೆ ಮೊಕದ್ದಮೆಯಲ್ಲಿ ಹುರುಳಿದೆಯೆಂದು ಕಂಡರೆ ಸಾಕು. ಕೋರ್ಟು ಶುಲ್ಕ, ವಕೀಲರ ಸಂಭಾವನೆ, ನಕಲುಗಳ ಖರ್ಚು, ದಾಖಲೆಗಳ ಅನುವಾದ, ಇವೆಲ್ಲವೂ ಆ ನೆರವಿನೊಳಗೆ ಬರುತ್ತವೆ. ಬರೆಯಲಾರದವಳು ಬಾಯಿಮಾತಿನಲ್ಲಿ ಕೇಳಿಕೊಂಡರೂ ಆಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ವರಮಾನ ನೋಡದೆ ಕೊಡುವುದಾದರೆ ಸಿರಿವಂತರ ಮನೆಯ ಹೆಂಗಸಿಗೂ ಕೊಟ್ಟಂತಾಯಿತಲ್ಲವೆ? ಇದು ನ್ಯಾಯವೆ? ಆಕ್ಷೇಪ ಹಗುರವಾದುದಲ್ಲ. ಆದರೆ ಸಿರಿವಂತರ ಮನೆ ಎಂಬ ಮಾತನ್ನೇ ಗಮನಿಸಿರಿ. ಸಿರಿ ಮನೆಯಲ್ಲಿದೆ, ಆಕೆಯ ಕೈಯಲ್ಲಿದೆಯೇ? ಕಾರ್ನೀಲಿಯಾ ಸೊರಾಬ್ಜಿ ಎಂಬಾಕೆ ೧೮೯೨ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಪರೀಕ್ಷೆಗೆ ಕುಳಿತ ಪ್ರಥಮ ಮಹಿಳೆ. ೧೯೦೪ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸಿನ ಕೆಲಸಕ್ಕೆ ಸೇರಿ, ಪರದೆಯೊಳಗಿನ ಸ್ತ್ರೀಯರಿಗೆ ಕಾನೂನಿನ ಸಲಹೆಗಾರ್ತಿಯಾದರು. ಆ ಸ್ತ್ರೀಯರಲ್ಲಿ ಜಮೀನುದಾರರ ಮನೆಯವರು ಅನೇಕರಿದ್ದರು. ಆಸ್ತಿ ಅವರ ಹೆಸರಿನಲ್ಲಿತ್ತು. ಪರಪುರುಷನಾದ ವಕೀಲನೊಡನೆ ಮಾತನಾಡುವ ಅನುಮತಿ ಅವರಿಗಿರಲಿಲ್ಲ. ಸ್ತ್ರೀಯರಿಗೆ ವಕೀಲಿಯ ಬಾಗಿಲನ್ನು ತೆರೆದ ಶಾಸನ ಬಂದುದಾದರೂ ೧೯೨೩ರಲ್ಲಿ. ಪರದೆ ಇಂದು ಹಲವೆಡೆ ಸರಿದಿದೆ. ಆದರೆ ಗಂಡನ ವಿರುದ್ಧವೇ ಜೀವನಾಂಶ ಕೇಳಬೇಕಾದವಳು ವಕೀಲನ ಫೀಸನ್ನು ಯಾರ ಪೆಟ್ಟಿಗೆಯಿಂದ ತೆಗೆಯಬೇಕು? ಮನೆಯ ವರಮಾನದಿಂದ ಹೆಂಗಸಿನ ಶಕ್ತಿಯನ್ನು ಅಳೆದರೆ ಆಕೆಯನ್ನು ಬಾಧಿಸುವವನ ಹಣವನ್ನೇ ಆಕೆಯ ಲೆಕ್ಕಕ್ಕೆ ಬರೆದಂತಾಗುತ್ತದೆ. ಅನರ್ಹಳಾದ ಒಬ್ಬಳಿಗೆ ನೆರವು ಸಿಕ್ಕುವುದು ನಷ್ಟವೇ ಹೌದು. ಅರ್ಹಳಾದ ಒಬ್ಬಳು ಬಾಗಿಲಲ್ಲೇ ಹಿಂದಿರುಗುವುದು ಅದಕ್ಕಿಂತ ದೊಡ್ಡ ನಷ್ಟ.

ಇನ್ನು ಬೇಡುವ ಮಾತಿಗೆ ಬರೋಣ. ಬಿಟ್ಟಿ ಎಂಬುದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ಅದರ ಮೊದಲ ಅರ್ಥ ಹಣವಿಲ್ಲದೆ ಪಡೆದ ವಸ್ತು ಎಂದಲ್ಲ. ಕೂಲಿಯಿಲ್ಲದೆ ಮಾಡಿಸಿಕೊಂಡ ಚಾಕರಿ ಎಂದು. ನಾವು ಹೇಳಿದ ೧೨ನೆಯ ಕಲಮು ಬಿಟ್ಟಿ ಚಾಕರಿಗೆ ಬಲಿಯಾದವರನ್ನು ಹೆಸರಿಸಿ, ಅದರ ಮರುಸಾಲಿನಲ್ಲಿಯೇ ಸ್ತ್ರೀಯನ್ನೂ ಮಗುವನ್ನೂ ಹೆಸರಿಸುತ್ತದೆ. ಶಾಸನ ಬರೆದವರು ಉದ್ದೇಶಪೂರ್ವಕವಾಗಿ ಹಾಗೆ ಮಾಡಿದರೆಂದು ನಾವು ಹೇಳುವುದಿಲ್ಲ. ಆದರೆ ಆ ನೆರೆಹೊರೆ ನಮ್ಮನ್ನು ಯೋಚನೆಗೆ ಹಚ್ಚಿತು. ಎರಡು ದಿನ ಬಿಟ್ಟು ಆಕೆಯ ಮನೆಗೆ ಹೋಗಿ ಕೇಳಿದೆವು: "ಅಕ್ಕಾ, ಈ ಮನೆಯಲ್ಲಿ ಎಷ್ಟು ವರ್ಷ ಅಡಿಗೆ ಮಾಡಿದಿರಿ? ಅತ್ತೆಯವರ ಕೊನೆಗಾಲದಲ್ಲಿ ನೋಡಿಕೊಂಡವರು ಯಾರು? ಅದಕ್ಕೆ ಯಾರು ಸಂಬಳ ಕೊಟ್ಟರು?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನಗೇ ಬಾಕಿ ಬರ್ಲಿಕ್ಕುಂಟು ಅನ್ನಿ" ಎಂದು ನಕ್ಕಳು.

ಆ ನಗುವಿನಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿತ್ತು. ಬಿಟ್ಟಿಯನ್ನು ಉಂಡವರು ಮನೆ ಮತ್ತು ಸಮಾಜ. ಆಕೆ ಅದನ್ನು ಇಕ್ಕಿದವಳು. ಧರ್ಮವೆಂದರೆ ದಾನವೆಂಬುದು ಒಂದರ್ಥವಾದರೆ, ಮಾಡಲೇಬೇಕಾದ ಕರ್ತವ್ಯವೆಂಬುದು ಇನ್ನೊಂದರ್ಥ. ರಾಜ್ಯದ ಪಾಲಿಗೆ ಇದು ಎರಡನೆಯದು. ಉಚಿತವೆಂಬುದರ ಮೂಲಾರ್ಥವಾದರೋ ತಕ್ಕುದು, ಸಲ್ಲತಕ್ಕದ್ದು. ಔಚಿತ್ಯವೆಂಬ ಮಾತು ಬಂದುದೂ ಅದರಿಂದಲೇ. ತನಗೆ ಸಲ್ಲತಕ್ಕದ್ದನ್ನು ಕೇಳುವವಳು ಬೇಡುವವಳಲ್ಲ.

ಆದರೆ ಮಾತು ಒಳ್ಳೆಯದಾದ ಮಾತ್ರಕ್ಕೆ ಕೆಲಸವೂ ಒಳ್ಳೆಯದಾಗದು. ಫೀಸು ಕೊಡದವಳ ಕಡತವನ್ನು ಕಟ್ಟಿನ ಅಡಿಗೆ ಸೇರಿಸುವ ವಕೀಲನು ಉಚಿತವನ್ನು ಮತ್ತೆ ಬಿಟ್ಟಿಯ ಮಟ್ಟಕ್ಕೆ ಇಳಿಸುತ್ತಾನೆ. ಲೋಕ ಅದಾಲತ್ತಿನ ರಾಜಿಯ ವಿಷಯದಲ್ಲಿಯೂ ಎಚ್ಚರ ಬೇಕು. ಅಲ್ಲಿ ಆದ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವುಂಟು, ಅದರ ಮೇಲೆ ಅಪೀಲಿಲ್ಲ. ಒಪ್ಪಿಗೆಯಿದ್ದಲ್ಲಿ ಇದು ದೊಡ್ಡ ಉಪಕಾರ. "ಸಂಸಾರವೆಂದ ಮೇಲೆ ಹೊಂದಿಕೊಂಡು ಹೋಗಬೇಕಮ್ಮಾ" ಎಂದು ನಾಲ್ವರು ಸುತ್ತ ನಿಂತು ಪಡೆದ ಸಹಿಯು ಮಾತ್ರ ಒಪ್ಪಿಗೆಯಲ್ಲ. ಒಲ್ಲೆನೆನ್ನುವ ಸ್ವಾತಂತ್ರ್ಯವಿದ್ದವಳ ಒಪ್ಪಿಗೆಯೇ ಒಪ್ಪಿಗೆ.

ಕೊನೆಯದಾಗಿ ನಮ್ಮ ತಪ್ಪಿನ ಮಾತು. ಗಡಿನಾಡಿನ ಕನ್ನಡ ಹೆಂಗಸಿಗೆ ಬಡತನದ ಮೇಲೆ ಭಾಷೆಯ ಗೋಡೆಯೊಂದು ಹೆಚ್ಚಿಗೆಯುಂಟು. ತನ್ನ ಕಷ್ಟದ ಪರಿಹಾರಕ್ಕಾಗಿ ಅಧಿಕಾರಿಗಳಿಗೆ ಕೊಡುವ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯಬಹುದೆಂದು ಸಂವಿಧಾನದ ೩೫೦ನೆಯ ವಿಧಿ ಹೇಳುತ್ತದೆ. ಆ ಹಕ್ಕು ಇದೆಯೆಂಬುದನ್ನು ಆಕೆಗೆ ತಿಳಿಸತಕ್ಕವರು ಯಾರು? ಅಕ್ಷರ ಬಲ್ಲವರೆಂದು ಆಕೆ ನಮ್ಮಲ್ಲಿಗೆ ಬಂದಳು. ನಾವು ಕಾಗದವನ್ನು ಓದಿದೆವು, ಆಕೆಯ ಅವಸ್ಥೆಯನ್ನು ಓದಲಿಲ್ಲ. ವಿದ್ಯೆಯೂ ನಮಗೆ ಬಹುಮಟ್ಟಿಗೆ ಊರವರ ಖರ್ಚಿನಿಂದ ದೊರೆತದ್ದು, ಅದು ಋಣ. ತೀರಿಸುವ ಹೊತ್ತಿನಲ್ಲಿ "ಯಾರಾದರೂ ವಕೀಲರನ್ನು ನೋಡಿ" ಎಂದು ಕೈತೊಳೆದುಕೊಂಡವರು ನಾವು.

ಡಿಕ್ರಿ ರದ್ದುಪಡಿಸಲು ಕೇಳಿಕೊಳ್ಳುವುದಕ್ಕಿದ್ದ ಮೂವತ್ತು ದಿನಗಳ ಅವಧಿ ಮುಗಿಯುವ ಮೊದಲೇ ಆಕೆ ತಾಲೂಕಿನ ಕಾನೂನು ಸೇವಾ ಸಮಿತಿಗೆ ಹೋದಳು. ಡಿಕ್ರಿ ರದ್ದಾಗಿ ದಾವೆ ಮೊದಲಿನಿಂದ ನಡೆಯುತ್ತಿದೆ. ಗೆಲುವು ಯಾರದೋ ಹೇಳಲಾರೆವು. ಆಕೆಯ ಮಾತನ್ನು ಕೇಳದೆ ತೀರ್ಪಾಗದು, ಅಷ್ಟು ನಿಶ್ಚಯ. ಅರ್ಜಿಯನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದವಳು ನಮ್ಮ ತರಗತಿಯ ಆ ಹುಡುಗಿ. ಪತ್ರಲೇಖನವೆಂಬ ಪಾಠವನ್ನು ನಾವು ಅನೇಕ ವರ್ಷಗಳಿಂದ ಕಲಿಸುತ್ತಿದ್ದೇವೆ. ಅದು ಏತಕ್ಕೆಂದು ನಾವು ಕಲಿತದ್ದು ಆ ದಿನ.